ಬಿಸಿ ವಾಲಿಗೆ ಕೀಲೆಣ್ಣೆ

ಎಣ್ಣೆ ಬಿಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಾಗಿಲು ಕಿರ್ ಅಂದರೆ ಎಣ್ಣೆ, ರಾಟೆ ಕಿರ್ ಅಂದರೆ ಎಣ್ಣೆ, ಹೊಲಿಗೆ ಮಿಷನ್ನು ನಿಂತರೆ ಎಣ್ಣೆ. ಸದ್ದು ಮಾಡುವ ಸಾಮಾನು ಯಾಕೆ ಸದ್ದು ಮಾಡುತ್ತಿದೆ ಎಂದು ಒಂದು ಗಳಿಗೆ ಬಗ್ಗಿ ನೋಡುವ ವ್ಯವಧಾನ ನಮ್ಮ ಕಡೆಯವರಿಗಿಲ್ಲ. ಮೊನ್ನೆ ಯಾರೋ ಅಜ್ಜನ ಕಾಲದ ಕಾರೊಂದನ್ನು ತಿಕ್ಕಿ ತೊಳೆದು ನನಗೆ ತೋರಿಸಲು ತಂದಿದ್ದರು. ಬಾನೆಟ್ಟು ಎತ್ತಿದೆ. ಬಿಸಿ ವಾಲು, ಅಂದರೆ ಹೊಗೆ ಕೊಳವೆಯ ವಾಲ್ವು, ಅಂಟಿ ಕೂತಿತ್ತು. "ದಿನಾ ಎಣ್ಣೆ ಬಿಡ್ತೀವಿ ಸಾರ್, ಆದ್ರೂ ಹಿಂಗೆ" ಅಂದರು. ಬೈದು ಕಳಿಸಿದೆ. ಬೈಯುವ ಯೋಗ್ಯತೆ ನನಗಿರಲಿಲ್ಲ. ಯಾಕೆ ಎನ್ನುವುದನ್ನೇ ಈಗ ಬರೆಯುತ್ತಿದ್ದೇನೆ.

ಮಹಾರಾಜರ ಕಾಲದ ಮಾತು. ಈಗಿನ ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಎಂದು ಹೆಸರು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಹೊಳೆ ಸೇತುವೆಗೆ ಸ್ವಲ್ಪ ಈಚೆಗೆ, ನನ್ನದೊಂದು ತಗಡಿನ ಷೆಡ್ಡು. ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ಗ್ಯಾರೇಜೊಂದರಲ್ಲಿ ಆರು ವರ್ಷ ಬೈಸಿಕೊಂಡು ಕೆಲಸ ಕಲಿತು ಬಂದಿದ್ದೆ. ಚನ್ನಪಟ್ಟಣ, ಮಾಗಡಿ, ಆಗಿನ ಕಾನಕಾನಹಳ್ಳಿ, ಅಂದರೆ ಈಗಿನ ಕನಕಪುರ, ಇಷ್ಟೂ ಊರಿನ ನಡುವೆ ಮೋಟಾರಿನ ಹೊಟ್ಟೆ ಬಿಚ್ಚಿ ಮತ್ತೆ ಮುಚ್ಚಬಲ್ಲವನು ನಾನೊಬ್ಬನೇ ಎಂಬ ಜಂಬವಿತ್ತು. ಜಂಬ ಸುಳ್ಳೇನೂ ಆಗಿರಲಿಲ್ಲ. ಆದರೆ ನನ್ನ ಹತ್ತಿರ ಬಂದವರೆಲ್ಲ ಅದನ್ನು ನೆನಪಿನಲ್ಲಿಟ್ಟುಕೊಂಡೇ ಮಾತಾಡಬೇಕು ಎಂದು ನಾನು ಬಯಸುತ್ತಿದ್ದೆ. ಯಾರೂ ಹಾಗೆ ಮಾತಾಡುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಯಾರ ಮೇಲಾದರೂ ಹಾರಾಡುತ್ತಲೇ ಇರುತ್ತಿದ್ದೆ.

ಬಿಸಿ ವಾಲು ಎಂದರೆ ಏನೆಂದು ಹೇಳಿಬಿಡುತ್ತೇನೆ. ಎಂಜಿನ್ನಿನ ಹೊಗೆ ಹೊರಗೆ ಹೋಗುವ ಕೊಳವೆಯೊಳಗೆ ಅಂಗೈಯಗಲದ ಒಂದು ತಟ್ಟೆ ಇರುತ್ತದೆ. ಎಂಜಿನ್ನು ತಣ್ಣಗಿದ್ದಾಗ ಅದು ಮುಚ್ಚಿಕೊಂಡು, ಹೊಗೆಯ ಬಿಸಿಯನ್ನು ಪೆಟ್ರೋಲು ಬರುವ ದಾರಿಯ ಕಡೆಗೆ ತಿರುಗಿಸುತ್ತದೆ. ಎಂಜಿನ್ನು ಕಾದ ಮೇಲೆ ತಾನಾಗಿ ತೆರೆದುಕೊಂಡು ಹೊಗೆಯನ್ನು ಹೊರಕ್ಕೆ ಬಿಡುತ್ತದೆ. ತಟ್ಟೆಯ ಕಡ್ಡಿ ಕೊಳವೆಯಿಂದ ಹೊರಗೆ ಚಾಚಿಕೊಂಡಿರುತ್ತದೆ. ಅದರ ತುದಿಗೆ ಒಂದು ಸ್ಪ್ರಿಂಗು, ಒಂದು ತೂಕದ ಗುಂಡು. ಈ ಕಡ್ಡಿ ಸಿಕ್ಕಿಕೊಂಡರೆ ತಟ್ಟೆ ಮುಚ್ಚಿದಂತೆಯೇ ಉಳಿಯುತ್ತದೆ. ಆಮೇಲೆ ಪೆಟ್ರೋಲು ಕುದಿಯುತ್ತದೆ, ನೀರು ಕುದಿಯುತ್ತದೆ, ದಿಣ್ಣೆ ಹತ್ತುವಾಗ ಕಾರು ಉಬ್ಬಸ ಹತ್ತಿದ ಮುದುಕನಂತೆ ನಿಂತುಬಿಡುತ್ತದೆ.

ಅದನ್ನು ಬಿಡಿಸುವುದಕ್ಕೆ ಬಲ ಬೇಡ, ತಾಳ್ಮೆ ಬೇಕು. ಕೊಳವೆ ಪೂರ್ತಿ ಆರಬೇಕು, ಇಲ್ಲದಿದ್ದರೆ ಸೀಮೆಎಣ್ಣೆ ಭಗ್ಗೆಂದು ಹತ್ತಿಕೊಳ್ಳುತ್ತದೆ. ಆರಿದ ಮೇಲೆ ಕಡ್ಡಿಯ ಎರಡೂ ಬದಿಗೆ ಸೀಮೆಎಣ್ಣೆ ತೊಟ್ಟಿಕ್ಕಿ, ಅದು ಒಳಗೆ ಇಳಿಯುವ ತನಕ ಸುಮ್ಮನೆ ಕೂರಬೇಕು. ಆಮೇಲೆ ಕಡ್ಡಿಯ ತಲೆಗೆ ಒಂದು ಕಡೆಯಿಂದ ಮೆಲ್ಲಗೆ ನಾಲ್ಕು ಏಟು, ಇನ್ನೊಂದು ಕಡೆಯಿಂದ ನಾಲ್ಕು ಏಟು. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಸಾಬರೊಬ್ಬರು ಇದಕ್ಕೆಂದೇ ನನಗೊಂದು ಪುಟ್ಟ ಮರದ ಕೊಡತಿ ಕಡೆದುಕೊಟ್ಟಿದ್ದರು. ಗೊಂಬೆಗೆ ಹಾಕುವ ಕೆಂಪು ಅರಗನ್ನೇ ಅದರ ಹಿಡಿಗೂ ಹಾಕಿದ್ದರು. ಕೂದಲೆಳೆಯಷ್ಟು ಅಲುಗಿದರೆ ಗೆದ್ದಂತೆ. ಪೂರ್ತಿ ಸಡಿಲವಾದ ಮೇಲೆ ಪೆನ್ಸಿಲಿನೊಳಗಿನ ಸೀಸದ ಕಡ್ಡಿಯನ್ನು ಹೆರೆದು, ಆ ಕಪ್ಪು ಪುಡಿಯನ್ನು ಸೀಮೆಎಣ್ಣೆಯಲ್ಲಿ ಕದಡಿ ಸವರುತ್ತಿದ್ದೆ. ಎಣ್ಣೆ ಮಾತ್ರ ಕೂಡದು. ಅಲ್ಲಿಯ ಕಾವಿಗೆ ಎಣ್ಣೆ ಸುಟ್ಟು, ಬಾಣಲೆಯ ತಳದ ಜಿಡ್ಡಿನಂತೆ ಗಟ್ಟಿಯಾಗಿ, ಕಡ್ಡಿಯನ್ನು ಕಚ್ಚಿ ಹಿಡಿಯುತ್ತದೆ.

ನಮ್ಮೂರಿನ ರೇಷ್ಮೆ ಸಾಹುಕಾರರು ಇಂಥ ವಾಲಿದ್ದ ಅಮೆರಿಕದ ಕಾರೊಂದನ್ನು ತರಿಸಿದರು. ಅದರ ಡ್ರೈವರಾಗಿ ಬಂದವನು ನನ್ನ ಭಾವ, ನನ್ನ ಹೆಂಡತಿಯ ಅಣ್ಣ.

ಅವನಿಗೂ ನನಗೂ ಮೊದಲಿನಿಂದ ಆಗಿಬರುತ್ತಿರಲಿಲ್ಲ. ಹೆಣ್ಣು ಕೇಳಲು ಮಾಗಡಿ ಸೀಮೆಯ ತಿಪ್ಪಸಂದ್ರಕ್ಕೆ ಹೋದಾಗ ಅವನು ನನ್ನ ಉಗುರು ನೋಡಿ, "ಈ ಮಸಿ ಕೈಗೆ ನನ್ ತಂಗಿ ಕೈ ಕೊಡ್ಲಾ?" ಎಂದು ನಾಲ್ಕು ಜನರ ಮುಂದೆ ಕೇಳಿದ್ದ. ಮದುವೆ ಆಯಿತು, ಆ ಮಾತು ಮಾತ್ರ ನನ್ನ ಎದೆಯಲ್ಲಿ ಕೂತೇ ಇತ್ತು. ಅವನು ಹದಿನೈದು ವರ್ಷ ಸಾಹುಕಾರರ ರೇಷ್ಮೆಗೂಡಿನ ಮೂಟೆಗಳನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದವನು. ಒಂದು ಮೂಟೆ ನೆನೆಸಿದವನಲ್ಲ, ಒಂದು ಎತ್ತನ್ನು ಹೊಡೆದು ಗಾಯ ಮಾಡಿದವನಲ್ಲ. ಆ ನಂಬಿಕೆಯ ಮೇಲೆ ಸಾಹುಕಾರರು ಅವನನ್ನೇ ಬೆಂಗಳೂರಿಗೆ ಕಳಿಸಿ ಎರಡು ತಿಂಗಳು ಮೋಟಾರು ಕಲಿಸಿದರು. ಅವನು ತನ್ನ ಎತ್ತು, ಗಾಡಿ ಎರಡನ್ನೂ ಮಾರಿ ಖಾಕಿ ಕೋಟು ಹಾಕಿಕೊಂಡ. ಆರು ವರ್ಷ ಒದೆ ತಿಂದ ನಾನು ಕಾರಿನ ಅಡಿಯಲ್ಲಿ ಮಲಗಬೇಕು, ಎರಡು ತಿಂಗಳಿನವನು ಟೋಪಿ ಹಾಕಿಕೊಂಡು ಮೇಲೆ ಕೂರಬೇಕು. ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕೆ ಬೇರೆ ಹೆಸರು ಕೊಟ್ಟು ಪ್ರಯೋಜನವಿಲ್ಲ.

ಒಂದು ಮಧ್ಯಾಹ್ನ ವಾಲು ಅಂಟಿಕೊಂಡಿದೆಯೆಂದು ಅವನು ಕಾರು ತಂದ. ಹೊಸ ಕಾರೇ, ರಸ್ತೆಯ ಧೂಳು ತುಂಬಿ ಹಾಗಾಗಿತ್ತು. ಬಿಡಿಸಿಕೊಟ್ಟೆ. ಗುಂಡು ಅಲುಗಾಡುವಾಗ ಸ್ವಲ್ಪ ಕಿರ್ ಎನ್ನುತ್ತಿತ್ತು, ಎರಡು ದಿನಕ್ಕೆ ತಾನಾಗಿ ನಿಲ್ಲುವಂಥ ಸದ್ದು. ಅವನು ಬಗ್ಗಿ ಅದನ್ನೇ ನೋಡುತ್ತಾ, "ಇದೇನ್ಲಾ, ಕಿರ್‌ಗುಟ್ತೈತೆ? ನಾನು ದಿನಾ ಇದ್ಕೆ ಏನಾರ ಮಾಡ್ಬೇಕಾ?" ಎಂದು ಕೇಳಿದ. ಜೀವಮಾನದಲ್ಲಿ ಅವನು ನನ್ನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು. ಕೇಳುವಾಗ ಅವನ ದನಿಯಲ್ಲಿ ಗತ್ತಿರಲಿಲ್ಲ. ಹಳೆಯದನ್ನು ತಿರುಗಿಸಿ ಕೊಡಲು ನನಗೆ ಅಷ್ಟು ಸಿಕ್ಕಿದ್ದು ಸಾಕಾಯಿತು.

"ಗಾಡಿ ಹೊಡ್ಯೋನಿಗೆ ಇನ್ನೇನ್ ಗೊತ್ತಾದಾತು?" ಅಂದೆ. "ಇದೂ ಒಂದು ಕೀಲು ಅಂದ್ಕೊ. ದಿನಾ ಬೆಳಿಗ್ಗೆ ಎಣ್ಣೆ ಬುಡು. ಓಗು ಓಗು."

ಅಣಕಿಸಲು ಅಂದದ್ದು. ಹೆಂಡತಿ ನನಗೆ ಊಟ ತಂದು ಷೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಅವಳಿಗೂ ಕೇಳಿಸಿತು. ಭಾವ ನನ್ನ ಮುಖ ನೋಡಿ, ತಲೆಯಾಡಿಸಿ, ಕಾರು ಹತ್ತಿದ. ಆ ತಲೆಯಾಡಿಸಿದ್ದನ್ನು ನಾನು ಸಿಟ್ಟೆಂದುಕೊಂಡೆ. ಅವನು ನನ್ನ ಮಾತನ್ನು ಮಾತಾಗಿಯೇ ತೆಗೆದುಕೊಂಡಿದ್ದ.

ಗಾಡಿಯವರಿಗೆ ಕೀಲೆಣ್ಣೆ ಎಂದರೆ ಏನೆಂದು ಈಗಿನವರಿಗೆ ತಿಳಿಯದು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಯ ಅಡಿಗೆ ತೂಗುಹಾಕಿರುತ್ತಾರೆ. ಬೆಳಿಗ್ಗೆ ಎತ್ತು ಕಟ್ಟುವ ಮೊದಲು ಅಚ್ಚಿಗೆ ಅದನ್ನು ಬಳಿಯಲೇಬೇಕು. ಬಳಿಯದೆ ಗಾಡಿ ಹೊರಡಿಸಿದವನನ್ನು ಇತರ ಗಾಡಿಯವರು ಮನುಷ್ಯನೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಭಾವ ಎತ್ತು ಮಾರಿದ್ದ, ಗಾಡಿ ಮಾರಿದ್ದ. ಗೊಟ್ಟವನ್ನು ಮಾರಿರಲಿಲ್ಲ.

ಹದಿನೈದು ದಿನಕ್ಕೆ ವಾಲು ಮತ್ತೆ ಅಂಟಿತು. ಬಿಡಿಸಿದೆ. ತಿಂಗಳೊಪ್ಪತ್ತಿಗೆ ಮತ್ತೆ. ಕಡ್ಡಿಯ ಬುಡದಲ್ಲಿ ಕರಕು ಕಟ್ಟಿರುತ್ತಿತ್ತು. ಮೇಲಿನಿಂದ ಎಂಜಿನ್ ಎಣ್ಣೆ ಸೋರುತ್ತಿದೆಯೆಂದು ನಾನು ಅಂದುಕೊಂಡು, ಇಲ್ಲದ ತೂತಿಗಾಗಿ ಎಂಜಿನ್ನಿನ ಮೈಯೆಲ್ಲ ಹುಡುಕಿದೆ. ವಾಲನ್ನು ತೆರೆದಿಟ್ಟು ತಂತಿಯಲ್ಲಿ ಕಟ್ಟಿಬಿಡುತ್ತೇನೆ, ನಮ್ಮ ಸೆಕೆಗೆ ಇದು ಬೇಕಾಗಿಯೂ ಇಲ್ಲ ಅಂದೆ. ಸಾಹುಕಾರರು ಒಪ್ಪಲಿಲ್ಲ. "ಕಂಪನಿಯೋರು ತಿಳೀದೆ ಇಟ್ಟಿದ್ದಾರಾ? ಅದನ್ನ ಕಟ್ಟಾಕೋಕೆ ನೀನ್ಯಾರಯ್ಯ?" ಅಂದರು. ನನ್ನ ಬುದ್ಧಿಯ ಮೇಲೆ ಅವರಿಗಿದ್ದ ವಿಶ್ವಾಸ ಅಷ್ಟು.

ಇತ್ತ ಭಾವ ಕಾಫಿ ಹೋಟೆಲಿನಲ್ಲಿ ಕೂತು ಹೇಳುತ್ತಿದ್ದನಂತೆ: "ನಾನು ದಿನಾ ಮಗೀನಂಗೆ ನೋಡ್ಕೊತಾ ಇವ್ನಿ. ನಮ್ ಬಾಮೈದ ಪೂರಾ ರಿಪೇರಿ ಮಾಡದೆ ಒಸಿ ಉಳಿಸ್ಕೊತಾನೆ, ತಿರುಗಾ ತರ್ಲಿ ಅಂತ." ಹೋಟೆಲಿನವರಿಗೆ ಇಷ್ಟು ಸಾಕಲ್ಲ. ನಾನು ಆ ದಾರಿಯಲ್ಲಿ ಹೋದರೆ ಸಾಕು, "ಏನ್ ಮೇಸ್ತ್ರಿ, ಇವತ್ತು ಎಷ್ಟ್ ಉಳಿಸ್ದೆ?" ಎಂದು ಹಲ್ಲು ಕಿಸಿಯುತ್ತಿದ್ದರು. ಮನೆಗೆ ಬಂದು ಆ ಸಿಟ್ಟನ್ನೆಲ್ಲ ಹೆಂಡತಿಯ ಮೇಲೆ ತೀರಿಸಿಕೊಳ್ಳುತ್ತಿದ್ದೆ. "ನಿಮ್ಮಣ್ಣನ ನಾಲಿಗೆಗೆ ಬೀಗ ಹಾಕ್ಸು" ಎನ್ನುತ್ತಿದ್ದೆ. ಅವಳು, "ನೀವಿಬ್ರೂ ಕೂತ್ಕಂಡು ಒಂದ್ ಸಲ ಮಾತಾಡ್ಬಾರ್ದಾ" ಎನ್ನುತ್ತಿದ್ದಳು. ಅವನ ಜೊತೆ ಕೂರುವುದಕ್ಕಿಂತ ಹೊಳೆಗೆ ಬೀಳುತ್ತೇನೆ ಎನ್ನುತ್ತಿದ್ದೆ.

ನಾಲ್ಕನೆಯ ಸಲ ಕಾರು ನಿಂತದ್ದು ಮಾಗಡಿ ರಸ್ತೆಯ ದಿಣ್ಣೆಯ ಮೇಲೆ. ಒಳಗೆ ಸಾಹುಕಾರರ ಹೊಸ ಬೀಗರಿದ್ದರು. ರೇಷ್ಮೆ ಪೇಟ ಕಟ್ಟಿಕೊಂಡ ಹಿರಿಯರು ಬಿಸಿಲಿನಲ್ಲಿ ಎರಡು ಮೈಲಿ ನಡೆದು ಒಂದು ಹಳ್ಳಿ ಸೇರಿದರಂತೆ. ಕಾರು ಅಲ್ಲೇ ಉಳಿಯಿತು, ಭಾವ ಅದರ ಕಾವಲಿಗೆ ಉಳಿದ. ಮಾರನೆಯ ದಿನ ಯಾರದೋ ಜೋಡೆತ್ತು ಕಟ್ಟಿ ಕಾರನ್ನು ನನ್ನ ಷೆಡ್ಡಿಗೆ ಎಳೆದು ತಂದರು. ಅಮೆರಿಕದ ಕಾರು ಎತ್ತಿನ ಹಿಂದೆ ಬರುವುದನ್ನು ನೋಡಲು ಕಾಫಿ ಹೋಟೆಲು ಖಾಲಿಯಾಗಿ ನನ್ನ ಅಂಗಳ ತುಂಬಿತು. ಹತ್ತು ಜನ ಇದ್ದರು. ಸಾಹುಕಾರರು ಇದ್ದರು, ಬೀಗರೂ ಇದ್ದರು. ಊಟದ ಹೊತ್ತಾದ್ದರಿಂದ ನನ್ನ ಹೆಂಡತಿಯೂ ಇದ್ದಳು.

ಸಾಹುಕಾರರು ಕೂಗಾಡಲಿಲ್ಲ. "ಇಬ್ಬರಲ್ಲಿ ಒಬ್ಬ ನನ್ನ ಗಾಡಿ ಕೆಡಿಸ್ತಾ ಇದ್ದೀರಿ" ಅಂದರು. "ಅವನಾದ್ರೆ ಇವತ್ತೇ ಕೋಟು ಬಿಚ್ಚಿಡ್ಲಿ. ನೀನಾದ್ರೆ ಇನ್ಮೇಲೆ ಈ ಊರಿನ ಒಂದು ಚಕ್ರವೂ ನಿನ್ನ ಷೆಡ್ಡಿಗೆ ಬರಲ್ಲ. ಬಿಚ್ಚಿ ತೋರಿಸು."

ಬಾನೆಟ್ಟು ಎತ್ತಿದೆ. ಎಂಜಿನ್ನು ಹಿಂದಿನ ದಿನದಿಂದ ತಣ್ಣಗಿತ್ತು. ಕಡ್ಡಿಯ ಬುಡದಲ್ಲಿ, ಸ್ಪ್ರಿಂಗಿನ ಸಂದಿಯಲ್ಲಿ, ಗುಂಡಿನ ಮೇಲೆ, ಕಪ್ಪಗೆ ಮಂದವಾಗಿ ಹಸಿ ಎಣ್ಣೆ. ಬೆರಳಿಗೆ ತೆಗೆದು ಮೂಸಿದೆ. ಹರಳೆಣ್ಣೆ. ಅವನು ಆ ಬೆಳಿಗ್ಗೆ ಕೂಡ, ಸತ್ತು ಬಿದ್ದಿದ್ದ ಕಾರಿಗೆ, ಎತ್ತು ಕಟ್ಟುವ ಮೊದಲು ತಪ್ಪದೆ ಬಳಿದಿದ್ದ. ಸುಡಲು ಕಾವಿಲ್ಲದ್ದರಿಂದ ಬಳಿದದ್ದು ಬಳಿದ ಹಾಗೇ ಇತ್ತು. ಮೂಸಿದ ಕ್ಷಣವೇ ನನ್ನ ಮಾತು ನನಗೆ ನೆನಪಾಯಿತು. ತಿಂಗಳುಗಟ್ಟಲೆ ಮರೆತಿದ್ದೆ ಎನ್ನುವುದು ನಿಜ. ಆದರೆ ಮುಂದೆ ಮಾಡಿದ್ದನ್ನು ಮರೆತು ಮಾಡಲಿಲ್ಲ.

ಡ್ರೈವರಿನ ಸೀಟಿನ ಕೆಳಗೆ ಕೈ ಹಾಕಿ ತಡಕಿ, ಅವನ ಹಳೆಯ ಬಿದಿರು ಗೊಟ್ಟವನ್ನು ಎಳೆದು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. "ನೋಡಿ ಸ್ವಾಮಿ. ಕೀಲೆಣ್ಣೆ. ನಿಮ್ಮ ಡ್ರೈವರ್ರು ಕಾರಿಗೆ ಕೀಲೆಣ್ಣೆ ಹಾಕವ್ರೆ!"

ಅಂಗಳ ನಕ್ಕಿತು. ಬೀಗರೂ ನಕ್ಕರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮಸಿ ಕೈ ಅಂದದ್ದಕ್ಕೆ, ಟೋಪಿಗೆ, ಹೋಟೆಲಿನ ಮಾತಿಗೆ, ಎಲ್ಲದಕ್ಕೂ ಒಂದೇ ಸಲ.

ಭಾವ ನಗುತ್ತಿದ್ದವರನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಾ, "ನೀನೇ ಯೋಳ್ದಲ್ಲೋ" ಅಂದ. "ದಿನಾ ಬೆಳಿಗ್ಗೆ ಎಣ್ಣೆ ಬುಡು ಅಂತ ನೀನೇ ಯೋಳಿದ್ದು ಕಣ್ಲಾ. ಒಂದಿನಾನೂ ತಪ್ಸಿಲ್ಲ ನಾನು."

ನಗು ನಿಂತಿತು. ಸಾಹುಕಾರರು ನನ್ನ ಕಡೆ ತಿರುಗಿ, "ಹೇಳಿದ್ಯಾ?" ಎಂದು ಕೇಳಿದರು.

"ಬಿಸಿ ವಾಲಿಗೆ ಎಣ್ಣೆ ಬಿಡು ಅಂತ ನಾನು ಹೇಳ್ತೀನಾ ಸ್ವಾಮಿ? ಹೊಟ್ಟೆಗೆ ಏನ್ ತಿಂತೀನಿ ನಾನು?" ಅಂದೆ. "ತಪ್ಪು ಮಾಡಿ ಸಿಕ್ಕಾಕ್ಕೊಂಡೋರು ಏನ್ ಬೇಕಾದ್ರೂ ಹೇಳ್ತಾರೆ."

ಭಾವ ಆಗ ತಂಗಿಯ ಕಡೆ ನೋಡಿದ. ಅವಳು ಬುಟ್ಟಿ ಹಿಡಿದು ಅದೇ ಬಾಗಿಲಲ್ಲಿ ನಿಂತಿದ್ದಳು. ಹತ್ತು ಗಂಡಸರ ಮುಂದೆ, ಗಂಡನ ಅಂಗಳದಲ್ಲಿ, ಗಂಡ ಸುಳ್ಳುಗಾರ ಎಂದು ಅವಳು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಧೈರ್ಯದ ಮೇಲೆಯೇ ನಾನು ಸುಳ್ಳು ಹೇಳಿದ್ದು. ಅವಳು ಬಾಯಿ ತೆರೆಯಲಿಲ್ಲ. ಭಾವನಿಗೂ ಅದು ಅರ್ಥವಾಯಿತು. ಅವನು ಖಾಕಿ ಕೋಟು ಬಿಚ್ಚಿ, ಮಡಿಸಿ, ಟೋಪಿಯನ್ನು ಅದರ ಮೇಲಿಟ್ಟು, ಸೀಟಿನ ಮೇಲೆ ಇಟ್ಟ. ಒಳಗಿನ ಅಂಗಿಯ ಬೆನ್ನು ಹರಿದಿತ್ತು. ಹಾಗೇ ಮಾಗಡಿ ರಸ್ತೆ ಹಿಡಿದು ನಡೆದುಹೋದ.

ಅವನಿಗೆ ಎತ್ತಿಲ್ಲ, ಗಾಡಿಯಿಲ್ಲ. ಕೋಟು ಬಿಚ್ಚಿಸಿಕೊಂಡವನನ್ನು ಬೇರೆ ಮೋಟಾರಿನವರು ಸೇರಿಸುವ ಮಾತೂ ಇಲ್ಲ. ಬಾಡಿಗೆಗೆ ಇನ್ನೊಬ್ಬರ ಎತ್ತಿನ ಗಾಡಿಯಲ್ಲಿ ಕಲ್ಲು ಸಾಗಿಸುತ್ತಿದ್ದಾನೆಂದು ಸುದ್ದಿ ಬಂತು. ಸಾಹುಕಾರರು ಬೆಂಗಳೂರಿನಿಂದ ಬೇರೆ ಡ್ರೈವರನ್ನು ಕರೆಸಿದರು. ವಾಲು ಮತ್ತೆ ಅಂಟಲಿಲ್ಲ. ಹೋಟೆಲಿನವರು ನನಗೆ ಬೆಂಚಿನಲ್ಲಿ ಜಾಗ ಬಿಟ್ಟುಕೊಡತೊಡಗಿದರು. ನನಗೆ ಬೇಕಾದದ್ದೆಲ್ಲ ಆಯಿತು.

ಮನೆಯಲ್ಲಿ ಹೆಂಡತಿ ಜಗಳವಾಡಲಿಲ್ಲ. ಮುದ್ದೆ ಇಕ್ಕುವಳು, ಸಾರು ಬಡಿಸುವಳು, ರಾಗಿ ಮುಗಿಯುತ್ತ ಬಂತು, ಸೌದೆ ಹಸಿಯಾಗಿದೆ ಎಂದು ಹೇಳುವಳು. ನಾನೇ ಕಾಲು ಕೆರೆದು, "ಏನಿದ್ದರೂ ಅಂದುಬಿಡು" ಎಂದರೆ, "ಏನೈತೆ ಅನ್ನಾಕೆ" ಅಂದು ಒಳಗೆ ಹೋಗುವಳು. ಅವಳು ಬೈದಿದ್ದರೆ ನಾನು ಎರಡು ಪಟ್ಟು ಬೈದು ಹಗುರಾಗುತ್ತಿದ್ದೆ. ಆ ಅನುಕೂಲವನ್ನು ಅವಳು ನನಗೆ ಮಾಡಿಕೊಡಲಿಲ್ಲ. ಗೌರಿ ಹಬ್ಬ ಬಂತು. ಪ್ರತಿ ವರ್ಷ ತವರಿನ ಬಾಗಿನ ಹೊತ್ತು ತರುತ್ತಿದ್ದವನು ಭಾವ. ಆ ವರ್ಷ ಯಾರೂ ಬರಲಿಲ್ಲ. ಅವಳು ತಲೆಗೆ ಸ್ನಾನ ಮಾಡಿ, ಹೊಸ ಸೀರೆ ಉಟ್ಟು, ಸಂಜೆಯವರೆಗೆ ಜಗಲಿಯ ಮೇಲೆ ಕೂತಿದ್ದು, ಆಮೇಲೆ ಸೀರೆ ಬದಲಾಯಿಸಿ ಒಲೆ ಹಚ್ಚಿದಳು.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮಾರನೆಯ ಬೆಳಿಗ್ಗೆ ಸಾಹುಕಾರರ ಮನೆಗೆ ಹೋದೆ. ಜಗಲಿಯಲ್ಲಿ ಅವರೊಬ್ಬರೇ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಎಣ್ಣೆ ಬಿಡು ಎಂದು ಹೇಳಿದವನು ನಾನೇ ಎಂದು ಹೇಳಿದೆ. ಅವರು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸದೆ, "ಹೋಗ್ಲಿ ಬಿಡು. ಹೊಸಬ ಚೆನ್ನಾಗಿ ಓಡಿಸ್ತಾನೆ" ಅಂದರು. ಅಷ್ಟೇ. ಒಬ್ಬ ಮನುಷ್ಯನ ಹದಿನೈದು ವರ್ಷ ಅವರಿಗೆ ಅಷ್ಟೇ. ನನಗೆ ಅವರ ಮೇಲೆ ಅಸಹ್ಯವಾಯಿತು. ಅದರ ಜೊತೆಗೆ, ಇಷ್ಟರಲ್ಲಿ ಮುಗಿಯಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಸಾಹುಕಾರ್ರಿಗೆ ನಿಜ ಹೇಳಿ ಬಂದೆ ಕಣೆ."

ಅವಳು ರಾಗಿ ಬೀಸುತ್ತಿದ್ದಳು. ಕಲ್ಲು ನಿಂತಿತು. "ಯಾರ ಮುಂದೆ?" ಎಂದು ಕೇಳಿದಳು.

"ಅವರೊಬ್ಬರೇ ಇದ್ರು."

"ಅವತ್ತು ಹತ್ ಜನ ಇದ್ರು" ಅಂದಳು. ಆಮೇಲೆ ಬೀಸತೊಡಗಿದಳು.

ಹತ್ತು ಜನರನ್ನು ಮತ್ತೆ ಎಲ್ಲಿ ಕೂಡಿಸಲಿ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಕೂಡಿಸುವ ಕಷ್ಟ ನನಗೆ ಬರಲಿಲ್ಲ. ದಸರೆ ಕಳೆದ ಮೇಲೆ ಒಂದು ದಿನ, ಷೆಡ್ಡಿನಲ್ಲಿ ಚನ್ನಪಟ್ಟಣದ ಕಡೆಯ ಒಂದು ಕಾರು ನಿಂತಿತ್ತು, ಕೆಲಸ ಮುಗಿದಿತ್ತು. ಹೋಟೆಲಿನವರು ಎಂದಿನಂತೆ ಹರಟುತ್ತಾ ನನ್ನ ಅಂಗಳದಲ್ಲಿ ಸೇರಿದ್ದರು. ಹೆಂಡತಿ ಏನೋ ಹೇಳಲು ಬಂದವಳು ಬಾಗಿಲಲ್ಲಿ ನಿಂತಿದ್ದಳು. ಮಾಗಡಿ ಕಡೆಯಿಂದ ಕಲ್ಲು ತುಂಬಿದ ಒಂದು ಗಾಡಿ ಬಂತು. ಎತ್ತುಗಳ ಹಿಂದೆ, ಮೂಕಿಮರದ ಮೇಲೆ ಭಾವ ಕೂತಿದ್ದ. ಗಡ್ಡ ಬೆಳೆದಿತ್ತು.

ಹೋಟೆಲಿನ ಒಬ್ಬ ಎದ್ದು ನಿಂತು ಕೂಗಿದ: "ಏನ್ಲಾ ಡ್ರೈವರ್ರು, ಎತ್ತಿನ ಮೂಗಿಗೂ ಕೀಲೆಣ್ಣೆ ಬುಟ್ಯಾ?"

ಎಲ್ಲರೂ ನಕ್ಕರು. ಭಾವ ಗಾಡಿ ನಿಲ್ಲಿಸಿದ. ಕೂಗಿದವನ ಕಡೆ ತಿರುಗಲಿಲ್ಲ, ನನ್ನ ಕಡೆ ತಿರುಗಿದ. ಸಿಟ್ಟಿನಿಂದಲ್ಲ. ಕಾದಿದ್ದ, ಅಷ್ಟೇ. ನನ್ನ ಹೆಂಡತಿಯೂ ನನ್ನ ಕಡೆ ತಿರುಗಿದಳು. ಎರಡು ಮಾತು ಸಾಕಿತ್ತು. ಹೇಳಿದವನು ನಾನೇ ಕಣ್ರಯ್ಯ, ಅವನದೇನೂ ತಪ್ಪಿಲ್ಲ. ಬಾಯಿಗೆ ಬಂದಿತ್ತು. ಆದರೆ ಆ ನಗು ನನ್ನ ಕಡೆ ಹೊರಳುವುದು ಕಣ್ಣಿಗೆ ಕಟ್ಟಿತು, ಬೆಂಚಿನ ಮೇಲೆ ಸಿಕ್ಕಿದ್ದ ಜಾಗ ಕಣ್ಣಿಗೆ ಕಟ್ಟಿತು.

ನಾನು ಬಾನೆಟ್ಟಿನೊಳಗೆ ತಲೆ ಹಾಕಿ ಕೊಡತಿ ಎತ್ತಿಕೊಂಡು ಬಡಿಯತೊಡಗಿದೆ. ಸ್ವಲ್ಪ ಹೊತ್ತಿಗೆ ಗಾಡಿ ಹೊರಟ ಸದ್ದು ಕೇಳಿಸಿತು. ತಲೆ ಎತ್ತಿ ನೋಡಿದಾಗ ಬಾಗಿಲಲ್ಲಿ ಹೆಂಡತಿ ಇರಲಿಲ್ಲ. ಹೋಟೆಲಿನವರು ಬೇರೆ ಮಾತಿಗೆ ಹೋಗಿದ್ದರು. ನಾನು ಮತ್ತೆ ಬಗ್ಗಿ ಬಡಿಯುತ್ತಲೇ ಇದ್ದೆ. ಆ ಎಂಜಿನ್ನಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ.